ಪಿಪಿಪಿ ಒಪ್ಪಂದ ಬರೆಯೋದು ಹೇಗೆ: ಕೊನೇ ಪುಟದಿಂದ ಶುರು ಮಾಡ್ರಿ

ಪಿಪಿಪಿ (ಸರ್ಕಾರಿ-ಖಾಸಗಿ ಸಹಭಾಗಿತ್ವ) ಅಂದ ಕೂಡ್ಲೆ ನಮ್ಮ ಕಡೆ ಎಲ್ರೂ ಮೊದ್ಲು ಕೇಳೋದು ಪಾಲು ಎಷ್ಟು, ಎಷ್ಟು ವರ್ಷ ಅಂತ. ಅದು ಮುಖ್ಯನೇ, ಇಲ್ಲ ಅನ್ನಲ್ಲ, ಆದ್ರೆ ಕೋರ್ಟ್ ಮೆಟ್ಟಿಲು ಹತ್ತಿರೋ ಒಪ್ಪಂದಗಳನ್ನ ತೆಗೆದು ನೋಡಿದ್ರೆ ಜಗಳ ಹುಟ್ಟೋದು ಬೇರೆ ಕಡೆ: ಜಾಗ ಯಾವತ್ತು ಕೈಗೆ ಬರುತ್ತೆ, ಕೆಲಸ ಸರಿ ನಡೀತಿದೆಯೋ ಇಲ್ವೋ ಅಂತ ಅಳೆಯೋದು ಯಾರು, ಮಧ್ಯದಲ್ಲೇ ಮುರಿದುಬಿದ್ರೆ ಯಾರು ಯಾರಿಗೆ ಎಷ್ಟು ಕೊಡ್ಬೇಕು. ಈ ಮೂರನ್ನ ಕೊನೆಗೆ ಅರ್ಜೆಂಟಲ್ಲಿ ಯಾವುದೋ ಹಳೇ ಒಪ್ಪಂದದಿಂದ ಕಾಪಿ ಹೊಡೆದು ಅಂಟಿಸ್ತಾರೆ. ನಾನು ಹೇಳೋದು ಉಲ್ಟಾ. ಮುಗಿಯೋದು ಹೇಗೆ ಅಂತ ಮೊದ್ಲು ಬರೀರಿ, ಆಮೇಲೆ ಹಿಂದಕ್ಕೆ ಬನ್ನಿ.

ಇದು ಪಾಲಿಕೆ, ನಗರಸಭೆಲಿ ಕಡತ ನೋಡೋರಿಗೆ, ಬಿಡ್ ಹಾಕೋ ಕಂಟ್ರಾಕ್ಟರ್‌ಗಳಿಗೆ, ಈಗಷ್ಟೇ ಪ್ರಾಕ್ಟೀಸ್ ಶುರು ಮಾಡಿರೋ ವಕೀಲರಿಗೆ. ಉದಾಹರಣೆಗೆ ಒಂದು ಯೋಜನೆ ಊಹಿಸ್ಕೊಳ್ಳೋಣ. ದಾವಣಗೆರೆ ಪಿ.ಬಿ. ರೋಡ್ ಪಕ್ಕ ಪಾಲಿಕೆದು ಒಂದು ಎಕರೆ ಜಾಗ, ಕೆಳಗೆ ತರಕಾರಿ ಮಾರ್ಕೆಟ್, ಮೇಲೆ ನಾಲ್ಕು ಮಹಡಿ ಪಾರ್ಕಿಂಗ್, ಖಾಸಗಿಯವರು ಕಟ್ಟಿ 30 ವರ್ಷ ನಡೆಸಿ ವಾಪಸ್ ಕೊಡ್ಬೇಕು. ಇಂಥದ್ದೊಂದು ಇಲ್ಲಿ ಇದೆ ಅಂತಲ್ಲ, ಲೆಕ್ಕ ಹಾಕೋಕೆ ಬೇಕು ಅಷ್ಟೆ.

ಮೊದಲು ಕೇಳ್ಕೊಳ್ಳಿ, ಇದು ನಿಜವಾಗ್ಲೂ ಪಿಪಿಪಿನಾ?

ಕಂಟ್ರಾಕ್ಟರ್ ಕಟ್ಟಿ ಬಿಲ್ ತಗೊಂಡು ಹೋಗೋದಾದ್ರೆ ಅದು ಮಾಮೂಲಿ ಟೆಂಡರ್ ಕೆಲಸ. ಪಾಲಿಕೆ ಜಾಗದಲ್ಲಿ ಮಳಿಗೆ ಕಟ್ಟಿ ಬಾಡಿಗೆಗೆ ಬಿಡೋದಾದ್ರೆ ಅದು ರಿಯಲ್ ಎಸ್ಟೇಟ್ ಗುತ್ತಿಗೆ, ಅದಕ್ಕೆ ಪಿಪಿಪಿ ಅಂತ ಬೋರ್ಡ್ ಹಾಕಿರ್ತಾರೆ. ಪಿಪಿಪಿ ಅನ್ಬೇಕಾದ್ರೆ ಜನಕ್ಕೆ ಸಿಗ್ಬೇಕಾದ ಒಂದು ಸೇವೆ ಇರ್ಬೇಕು, ಖಾಸಗಿಯವರ ದುಡ್ಡು ನಿಜವಾಗ್ಲೂ ರಿಸ್ಕ್‌ನಲ್ಲಿರ್ಬೇಕು, ಸೇವೆ ಕೆಟ್ರೆ ಅವರ ಆದಾಯಕ್ಕೆ ಪೆಟ್ಟು ಬೀಳ್ಬೇಕು. ಈ ಮೂರರಲ್ಲಿ ಒಂದು ಇಲ್ದಿದ್ರೂ ಬೇರೆ ದಾರಿ ಹಿಡೀರಿ, ನೂರೈವತ್ತು ಪುಟದ ಒಪ್ಪಂದ ಯಾಕೆ ಸುಮ್ನೆ.

ಮಾದರಿ ಯಾವುದು ಅನ್ನೋದೂ ಇಲ್ಲೇ ತೀರ್ಮಾನ ಆಗ್ಬೇಕು. ನಮ್ಮ ಹೆದ್ದಾರಿನೇ ನೋಡ್ರಿ, ತುಮಕೂರು-ಚಿತ್ರದುರ್ಗ 114 ಕಿಲೋಮೀಟರ್ ಆರು ಪಥ ಬಿಒಟಿ ಟೋಲ್ ಮಾದರೀಲಿ (ಕಂಪನಿನೇ ಕಟ್ಟಿ, ಟೋಲ್ ವಸೂಲಿ ಮಾಡಿ, ಕೊನೆಗೆ ವಾಪಸ್ ಕೊಡೋದು) 26 ವರ್ಷಕ್ಕೆ ಹೋಗಿದೆ, ಅಲ್ಲಿ ಕಂಪನಿನೇ ಹೆದ್ದಾರಿ ಪ್ರಾಧಿಕಾರಕ್ಕೆ ವರ್ಷ ವರ್ಷ 5% ಏರೋ ಪ್ರೀಮಿಯಂ ಕಟ್ಟೋ ಲೆಕ್ಕ, ವಾಹನ ಓಡಾಟ ಕಮ್ಮಿ ಆದ್ರೆ ನಷ್ಟ ಅವರದ್ದು. 2016ರಲ್ಲಿ ಬಂದ ಹೈಬ್ರಿಡ್ ಆನ್ಯುಟಿಲಿ ಹಾಗಲ್ಲ, 40% ದುಡ್ಡು ಕಟ್ಟೋವಾಗ್ಲೇ ಸರ್ಕಾರ ಕೊಡುತ್ತೆ, ಉಳಿದಿದ್ದು ಕಂತಲ್ಲಿ ಬರುತ್ತೆ, ಟೋಲ್ ವಸೂಲಿ ತಲೆನೋವು ಕಂಪನಿಗಿಲ್ಲ. ಕಸ, ಕೊಳಚೆ ನೀರು, ಕುಡಿಯೋ ನೀರಿನಂಥ ಯೋಜನೆ ತನ್ನ ಕಾಲ ಮೇಲೆ ನಿಲ್ಲಲ್ಲ ಅಂದ್ರೆ ಕೇಂದ್ರದ ವಯಬಿಲಿಟಿ ಗ್ಯಾಪ್ ಫಂಡ್ (ಕೊರತೆ ತುಂಬೋ ಅನುದಾನ) ಇದೆ, 2020ರ ಪರಿಷ್ಕರಣೆ ಆದ್ಮೇಲೆ ಈ ವಲಯಗಳಿಗೆ ಯೋಜನಾ ವೆಚ್ಚದ 30% ತನಕ ಕೇಂದ್ರದಿಂದ, ಇನ್ನೊಂದು 30% ತನಕ ರಾಜ್ಯದಿಂದ ಸಿಗೋ ಅವಕಾಶ ಇದೆ, ಷರತ್ತು ಏನಂದ್ರೆ ನಡೆಸೋ ಖರ್ಚು ಪೂರ್ತಿ ಬಳಕೆದಾರರ ಶುಲ್ಕದಿಂದ ಹುಟ್ಟಬೇಕು. ಪಾರ್ಕಿಂಗ್‌ಗೆ ಇದನ್ನ ನಂಬ್ಕೊಂಡು ಕೂರ್ಬೇಡಿ.

ಕೊನೇ ಪುಟ: ವಾಪಸ್ ಕೊಡೋದು, ಮುರಿಯೋದು

ಈಗ ಖಾಲಿ ಹಾಳೆ ತಗೊಳ್ಳಿ. 30ನೇ ವರ್ಷ ಕಟ್ಟಡ ವಾಪಸ್ ಬಂದಾಗ ಹೇಗಿರ್ಬೇಕು ಅಂತ ಬರೀರಿ. "ಸುಸ್ಥಿತಿಯಲ್ಲಿ" ಅಂತ ಒಂದೇ ಪದ ಹಾಕಿದ್ರೆ ಏನೂ ಬರೆದಂಗಲ್ಲ. ಲಿಫ್ಟ್ ಓಡ್ತಿರ್ಬೇಕು, ಅಗ್ನಿಶಾಮಕ ಪಂಪ್ ಟೆಸ್ಟ್ ಆಗಿರ್ಬೇಕು, ಸ್ಲ್ಯಾಬ್ ಸೋರ್ತಿರ್ಬಾರ್ದು, ಮಳಿಗೆಗಳ ಉಪ ಬಾಡಿಗೆ ಕರಾರು ಎಲ್ಲಾ ಆ ದಿನಕ್ಕೇ ಮುಗಿದಿರ್ಬೇಕು. ಈ ಕೊನೇದನ್ನ ಬಹಳ ಜನ ಬಿಡ್ತಾರೆ, ಆಮೇಲೆ ಕಂಪನಿ ಹೋಗಿರುತ್ತೆ, ಬಾಡಿಗೆದಾರ ಸ್ಟೇ ತಂದು ಕೂತಿರ್ತಾನೆ. ಮುಗಿಯೋಕೆ ಎರಡು ವರ್ಷ ಮುಂಚೆನೇ ಜಂಟಿ ಪರಿಶೀಲನೆ ಮಾಡಿ, ರಿಪೇರಿ ಪಟ್ಟಿ ಹಾಕಿ, ಅಲ್ಲಿಂದ ಆದಾಯದ ಒಂದು ಪಾಲು ಬೇರೆ ಖಾತೇಲಿ ತಡೆದಿಡಿ. ಕೊನೇ ವರ್ಷ ಯಾರೂ ಸ್ವಂತ ದುಡ್ಡು ಹಾಕಿ ಪೇಂಟ್ ಹೊಡೆಸಲ್ಲ.

ಮಧ್ಯದಲ್ಲೇ ಮುರಿದ್ರೆ? ಇದಕ್ಕೆ ಟೇಬಲ್ ಹಾಕ್ರಿ: ತಪ್ಪು ಕಂಪನಿದಾದ್ರೆ ಎಷ್ಟು, ಪಾಲಿಕೆದಾದ್ರೆ ಎಷ್ಟು, ಯಾರದ್ದೂ ಅಲ್ಲದೆ ಪ್ರಕೃತಿ ವಿಕೋಪ ಆದ್ರೆ ಎಷ್ಟು. ಹೆದ್ದಾರಿ ಮಾದರಿ ಒಪ್ಪಂದಗಳಲ್ಲಿ ಒಂದು ರೂಢಿ ಇದೆ: ಓಡಾಟ ಶುರುವಾದ್ಮೇಲೆ ಕಂಪನಿ ತಪ್ಪಿಂದ ಮುರಿದ್ರೆ ಬಾಕಿ ಸಾಲದ 90%, ಅದ್ರಲ್ಲಿ ಇನ್ಶೂರೆನ್ಸ್ ದುಡ್ಡು ಕಳೆದು, ಸರ್ಕಾರದ ತಪ್ಪಾದ್ರೆ ಪೂರ್ತಿ ಸಾಲ, ಜೊತೆಗೆ ಲೆಕ್ಕ ಹಾಕಿದ ಈಕ್ವಿಟಿಯ (ಕಂಪನಿ ಹಾಕಿದ ಸ್ವಂತ ಬಂಡವಾಳದ) 150%. ಕಂಪನಿ ತಪ್ಪು ಮಾಡಿದ್ರೂ ಯಾಕೆ ಕೊಡ್ಬೇಕು ಅಂತ ಕೌನ್ಸಿಲ್ ಮೀಟಿಂಗಲ್ಲಿ ಕೇಳೇ ಕೇಳ್ತಾರೆ. ಕಟ್ಟಡ ಪಾಲಿಕೆಗೆ ಉಳಿಯುತ್ತಲ್ರೀ, ಮತ್ತೆ ಈ ಭರವಸೆ ಇಲ್ದೆ ಬ್ಯಾಂಕ್ ಸಾಲನೇ ಕೊಡಲ್ಲ. ಆದ್ರೆ "ಸಾಲ" ಅಂದ್ರೆ ಏನು ಅಂತ ಬಿಗಿಯಾಗಿ ಬರೀರಿ. ಹಣಕಾಸು ಪ್ಯಾಕೇಜ್‌ನಲ್ಲಿ ಮೊದ್ಲೇ ತೋರಿಸಿ ಪಾಲಿಕೆ ಒಪ್ಪಿದ ಸಾಲ ಮಾತ್ರ; ಆಮೇಲೆ ಗ್ರೂಪ್ ಕಂಪನಿಯಿಂದ ತಂದಿದ್ದು, ದಂಡದ ಬಡ್ಡಿ, ಇವೆಲ್ಲ ಸೇರಲ್ಲ ಅಂತ.

ಇನ್ನು ನೋಟಿಸ್ ಮತ್ತೆ ಸರಿಪಡಿಸೋ ಅವಧಿ. ದಿಲ್ಲಿ ಏರ್‌ಪೋರ್ಟ್ ಮೆಟ್ರೋ ಕೇಸ್ ಇದಕ್ಕೆ ದೊಡ್ಡ ಪಾಠ. 2008ರ ಒಪ್ಪಂದ, 2012ರ ಜುಲೈನಲ್ಲಿ ರೈಲು ನಡೆಸೋ ಖಾಸಗಿ ಕಂಪನಿ ದಿಲ್ಲಿ ಮೆಟ್ರೋ ನಿಗಮಕ್ಕೆ ದೋಷ ಸರಿಮಾಡಿ ಅಂತ 90 ದಿನದ ನೋಟಿಸ್ ಕೊಡ್ತು, ಅಕ್ಟೋಬರ್‌ನಲ್ಲಿ ಒಪ್ಪಂದ ರದ್ದು ಅಂತು. 2017ರಲ್ಲಿ ಆರ್ಬಿಟ್ರೇಷನ್ (ಮಧ್ಯಸ್ಥಿಕೆ) ತೀರ್ಪು ಕಂಪನಿ ಪರ ಬಂತು, 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡೀತು, 2024ರ ಏಪ್ರಿಲ್‌ನಲ್ಲಿ ಕ್ಯುರೇಟಿವ್ (ಕೊನೇ ಅವಕಾಶದ) ಅರ್ಜೀಲಿ ಅದೇ ಕೋರ್ಟ್ ತನ್ನದೇ ಆ ತೀರ್ಪನ್ನ ತೆಗೆದುಹಾಕ್ತು. ಒಪ್ಪಂದದಲ್ಲಿ ದೋಷ ಸರಿಪಡಿಸಿರ್ಬೇಕು ಅಥವಾ ಸರಿಪಡಿಸೋಕೆ "ಪರಿಣಾಮಕಾರಿ ಕ್ರಮ" ತಗೊಂಡಿರ್ಬೇಕು ಅಂತ ಎರಡು ದಾರಿ ಬರೆದಿತ್ತು. ಆ ಎರಡನೇದು ಆಗಿತ್ತೋ ಇಲ್ವೋ, ಮೆಟ್ರೋ ರೈಲು ಸುರಕ್ಷತಾ ಆಯುಕ್ತರ ಸರ್ಟಿಫಿಕೇಟ್‌ಗೆ ಬೆಲೆ ಎಷ್ಟು, ಇದ್ರ ಮೇಲೇ ಹನ್ನೆರಡು ವರ್ಷ. ಹಂಗಾಗಿ ನಿಮ್ಮ ಒಪ್ಪಂದದಲ್ಲಿ ದೋಷ ಸರಿಹೋಯ್ತು ಅಂತ ಹೇಳೋ ಅಧಿಕಾರ ಯಾರಿಗೆ, ಯಾವ ಪರೀಕ್ಷೆ ಮಾಡಿ, ಎಷ್ಟು ದಿನದೊಳಗೆ, ಅರ್ಧ ಕೆಲಸ ಆಗಿದ್ರೆ ಅವಧಿ ಮುಂದಕ್ಕೆ ಹೋಗುತ್ತಾ, ಇದನ್ನ ಸಣ್ಣ ಸಣ್ಣ ವಾಕ್ಯದಲ್ಲಿ ಬರೀರಿ.

ಸಹಿ ಹಾಕೋರಿಗೆ ಅಧಿಕಾರ ಇದೆಯಾ?

ರಾಜ್ಯ ಸರ್ಕಾರನೇ ಪಾರ್ಟಿ ಆದ್ರೆ ಸಂವಿಧಾನದ 299ನೇ ವಿಧಿ ಪ್ರಕಾರ ರಾಜ್ಯಪಾಲರ ಹೆಸರಲ್ಲಿ, ಅಧಿಕಾರ ಪಡೆದ ಅಧಿಕಾರಿನೇ ಸಹಿ ಹಾಕ್ಬೇಕು. ದಾವಣಗೆರೆಯಂಥ ಪಾಲಿಕೆ ಆದ್ರೆ 1976ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ, ಹರಿಹರದಂಥ ನಗರಸಭೆ ಆದ್ರೆ 1964ರ ಮುನಿಸಿಪಾಲಿಟಿ ಕಾಯ್ದೆ. ಆಯುಕ್ತರು ಒಪ್ಪಿದ್ರು ಅಂತ ಸಾಕಾಗಲ್ಲ, ಕೌನ್ಸಿಲ್ ಠರಾವು, ಜಾಗ ದೀರ್ಘ ಗುತ್ತಿಗೆಗೆ ಹೋಗೋದಾದ್ರೆ ಸರ್ಕಾರದ ಅನುಮೋದನೆ, ಎಲ್ಲದರ ನಂಬರ್ ತಾರೀಖು ಒಪ್ಪಂದದ ಪೀಠಿಕೇಲೇ ಬರ್ಬೇಕು. ಜಾಗದ ಖಾತೆ ಯಾರ ಹೆಸರಲ್ಲಿದೆ ಅಂತಲೂ ನೋಡ್ರಿ, ಊರೆಲ್ಲಾ ಪಾಲಿಕೆ ಜಾಗ ಅಂತಾರೆ, ದಾಖಲೆ ತೆಗೆದ್ರೆ ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಹೆಸರೋ ಲೋಕೋಪಯೋಗಿ ಹೆಸರೋ ಇರುತ್ತೆ.

ಖಾಸಗಿ ಕಡೆಯಿಂದ ಗೆದ್ದ ಕಂಪನಿ ಈ ಯೋಜನೆಗೆ ಅಂತಲೇ ಒಂದು ಹೊಸ ಕಂಪನಿ ಮಾಡುತ್ತೆ. ಆ ಹೊಸ ಕಂಪನೀಲಿ ಏನೂ ಇರಲ್ಲ, ಹಂಗಾಗಿ ಗೆದ್ದೋರು ಕಟ್ಟಡ ಮುಗಿದು ಕೆಲವು ವರ್ಷ ಆಗೋ ತನಕ ಕನಿಷ್ಠ 51% ಷೇರು ಮಾರೋ ಹಂಗಿಲ್ಲ ಅಂತ ಹಾಕ್ರಿ. ಷೇರು ನೇರವಾಗಿ ಮಾರದೆ ಮೇಲಿನ ಕಂಪನಿನೇ ಮಾರೋ ಜಾಣರೂ ಇದ್ದಾರೆ, "ಪರೋಕ್ಷವಾಗಿ" ಅನ್ನೋ ಪದ ಮರೀಬೇಡಿ.

ಇನ್ನೊಂದು, ಒಪ್ಪಂದದ ಕರಡು ಟೆಂಡರ್ ಜೊತೇಲೇ ಹೊರಗೆ ಬರ್ಬೇಕು. ಬಿಡ್ ಗೆದ್ದಮೇಲೆ ಕೂತು ಚೌಕಾಸಿ ಮಾಡಿ ವರ್ಷ ಹೆಚ್ಚಿಸೋದು, ಪಾಲು ಕಮ್ಮಿ ಮಾಡೋದು ಶುರುವಾದ್ರೆ ಸೋತೋರು ರಿಟ್ ಹಾಕ್ತಾರೆ, ಹಾಕ್ಲೇಬೇಕು ಕೂಡ. ಟೆಂಡರೇ ಇಲ್ದೆ 4(ಜಿ) ಸೆಕ್ಷನ್ ವಿನಾಯ್ತಿ ತಗೊಂಡ್ರಂತೆ ಅಂತ ಪೇಪರ್‌ನಲ್ಲಿ ಓದ್ತೀವಲ್ಲ, 1999ರ ಪಾರದರ್ಶಕ ಕಾಯ್ದೆ ಬಿಟ್ಟಿರೋ ಆ ಕಿಂಡೀಲಿ ಪಿಪಿಪಿ ತೂರಿಸೋ ಆಸೆ ಇದ್ರೆ ಬಿಟ್ಬಿಡಿ. ಸಂಶಯದ ಮೇಲೆ ಹುಟ್ಟಿದ ಯೋಜನೆಗೆ 30 ವರ್ಷ ಆಯಸ್ಸು ಸಿಗೋದು ಕಷ್ಟ.

ಜಾಗ, ಮತ್ತೆ "ಮೊದಲು ಆಗಬೇಕಾದ್ದು"

ಸಹಿ ಬಿದ್ದ ದಿನವೇ ಗಡಿಯಾರ ಶುರುವಾಗ್ಬಾರ್ದು. ಸಹಿಗೂ ನಿಜವಾದ ಆರಂಭದ ದಿನಕ್ಕೂ ನಡುವೆ ಎರಡೂ ಕಡೆಯೋರು ಮುಗಿಸ್ಬೇಕಾದ ಷರತ್ತುಗಳು ಇರ್ತವೆ. ಕಂಪನಿ ಬ್ಯಾಂಕ್ ಸಾಲ ಪಕ್ಕಾ ಮಾಡಿ ಗ್ಯಾರಂಟಿ ಕೊಡ್ಬೇಕು, ಪಾಲಿಕೆ ಜಾಗ ಖಾಲಿ ಮಾಡಿ ಕೊಡ್ಬೇಕು. ಹೆದ್ದಾರೀಲಿ 80% ಜಾಗ ಸಿಗದೆ ಕೆಲಸ ಶುರು ಅಂತ ಘೋಷಿಸಲ್ಲ, ಒಂದು ಎಕರೆ ಕಟ್ಟಡಕ್ಕೆ ಆ ಲೆಕ್ಕ ನಡೆಯಲ್ಲ, ಮೂಲೇಲಿ ಒಂದು ಗೂಡಂಗಡಿ ಉಳಿದ್ರೂ ಪಾಯ ತೋಡೋಕಾಗಲ್ಲ, ಇಲ್ಲಿ ನೂರಕ್ಕೆ ನೂರು ಬೇಕು.

ನಮ್ಮ ಉದಾಹರಣೇಲಿ ಆ ಜಾಗದಲ್ಲಿ ಈಗಾಗ್ಲೇ ತರಕಾರಿ ಮಾರೋರು ಕೂತಿದ್ದಾರೆ ಅಂತಿಟ್ಕೊಳ್ಳಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇರೋದ್ರಿಂದ ಬೆಳಗ್ಗೆ ಜೆಸಿಬಿ ತಂದು ಎಬ್ಬಿಸೋ ಹಂಗಿಲ್ಲ, ಪಟ್ಟಣ ವ್ಯಾಪಾರ ಸಮಿತಿ ಮುಂದೆ ಹೋಗ್ಬೇಕು, ಕಟ್ಟೋ ಅವಧೀಲಿ ಎಲ್ಲಿ ಕೂರಿಸ್ತೀರಿ, ಕಟ್ಟಿದ್ಮೇಲೆ ಎಷ್ಟು ಅಡಿ, ಎಷ್ಟು ಬಾಡಿಗೆಗೆ ವಾಪಸ್ ಕೊಡ್ತೀರಿ ಅಂತ ಹೆಸರಿನ ಪಟ್ಟಿ ಸಮೇತ ಅನುಬಂಧದಲ್ಲಿ ಹಾಕ್ಬೇಕು. ಮಂಡಿಪೇಟೆ ಕಡೆ ಓಡಾಡಿರೋರಿಗೆ ಗೊತ್ತು, ಕೆಳಗಿನ ಕಟ್ಟೆ ಬಿಟ್ಟು ಮೊದಲನೇ ಮಹಡಿಗೆ ಹತ್ತಿ ಸೊಪ್ಪು ತಗೊಳ್ಳೋರು ಯಾರೂ ಇಲ್ಲ. ವ್ಯಾಪಾರಿಗಳನ್ನ ಮೇಲೆ ಹಾಕಿ ನೆಲಮಹಡಿ ಷೋರೂಮಿಗೆ ಕೊಡೋ ಡ್ರಾಯಿಂಗ್ ಬಂದ್ರೆ ಅಲ್ಲೇ ತಡೀರಿ, ಒಪ್ಪಂದದ ಯಾವ ಕಲಮೂ ಆಮೇಲೆ ಅದನ್ನ ಸರಿಮಾಡಲ್ಲ.

ಜೊತೆಗೆ ಸರ್ವೆ ನಕ್ಷೆ, ಯುಜಿಡಿ (ಒಳಚರಂಡಿ) ಲೈನ್, ಬೆಸ್ಕಾಂ ಕೇಬಲ್, ಟ್ರಾನ್ಸ್‌ಫಾರ್ಮರ್, ಮರ, ಇವೆಲ್ಲ ಯಾರು ಯಾರ ಖರ್ಚಲ್ಲಿ ಸರಿಸ್ಬೇಕು ಅಂತ. ತಡ ಆದ್ರೆ ಎರಡೂ ಕಡೆಗೂ ದಿನದ ಲೆಕ್ಕದಲ್ಲಿ ಡ್ಯಾಮೇಜಸ್ ಇರ್ಲಿ. ಕಂಪನಿಗೆ ಮಾತ್ರ ದಂಡ, ಪಾಲಿಕೆಗೆ ಇಲ್ಲ ಅಂದ್ರೆ ಬಿಡ್ ಹಾಕೋರು ಆ ರಿಸ್ಕನ್ನ ರೇಟಲ್ಲಿ ಸೇರಿಸ್ತಾರೆ, ಅಷ್ಟೆ. ಮತ್ತೆ ದಂಡದ ಮೊತ್ತ ಬಾಯಿಗೆ ಬಂದಂಗೆ ಹಾಕ್ಬೇಡಿ. 1872ರ ಕರಾರು ಕಾಯ್ದೆ 74ನೇ ಸೆಕ್ಷನ್ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ, ಕೋರ್ಟ್ ಕೊಡೋದು ಅದರೊಳಗೆ ನ್ಯಾಯವಾದ ಪರಿಹಾರ. ಎಷ್ಟು ನಷ್ಟ ಆಗ್ಬಹುದು ಅಂತ ಲೆಕ್ಕ ಹಾಕಿದ ಒಂದು ಹಾಳೆ ಕಡತದಲ್ಲಿ ಇರ್ಲಿ.

ದುಡ್ಡಿನ ಸೂತ್ರ

ಇಲ್ಲಿ ಡಿಎನ್‌ಡಿ ಫ್ಲೈವೇ ಕಥೆ ಹೇಳ್ಲೇಬೇಕು. ದಿಲ್ಲಿ-ನೋಯ್ಡಾ ನಡುವಿನ ಸೇತುವೆ, 1997ರ ಒಪ್ಪಂದ, 2001ರಲ್ಲಿ ಓಡಾಟ ಶುರು. ಹಾಕಿದ ವೆಚ್ಚದ ಮೇಲೆ ವರ್ಷಕ್ಕೆ 20% ಲಾಭ ಸಿಗ್ಬೇಕು, ಸಿಗದ ವರ್ಷದ ಕೊರತೆ ಮತ್ತೆ ವೆಚ್ಚಕ್ಕೇ ಸೇರುತ್ತೆ, ಪೂರ್ತಿ ವಸೂಲಾಗೋ ತನಕ ಟೋಲ್ ಅವಧಿ ಮುಂದಕ್ಕೆ ಹೋಗ್ತಾನೇ ಇರುತ್ತೆ ಅನ್ನೋ ಸೂತ್ರ. ವಾಹನ ಎಷ್ಟು ಓಡಿದ್ರೂ ಬಾಕಿ ಬೆಳೀತಾನೇ ಹೋಯ್ತು. 2016ರಲ್ಲಿ ಅಲಹಾಬಾದ್ ಹೈಕೋರ್ಟ್ ಟೋಲ್ ನಿಲ್ಲಿಸ್ತು, 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನ ಖಾಯಂ ಮಾಡ್ತು, ಟೆಂಡರ್ ಇಲ್ದೆ ಕೊಟ್ಟಿದ್ದಕ್ಕೂ ಛೀಮಾರಿ ಬಿತ್ತು. ಸೂತ್ರ ಕಾಗದದ ಮೇಲೆ ಅಚ್ಚುಕಟ್ಟಾಗೇ ಕಾಣ್ತಿತ್ತು. ಎಕ್ಸೆಲ್‌ಗೆ ಹಾಕಿ ಮೂವತ್ತು ವರ್ಷ ಎಳೆದು ನೋಡಿದ್ರೆ ಹತ್ತು ನಿಮಿಷದಲ್ಲಿ ಗೊತ್ತಾಗ್ತಿತ್ತು. ನಿಮ್ಮ ಸೂತ್ರಾನೂ ಹಂಗೇ ಎಳೆದು ನೋಡ್ರಿ, ಒಂದ್ಸಲ ಪಾರ್ಕಿಂಗ್ ಪೂರ್ತಿ ತುಂಬಿದಂಗೆ, ಒಂದ್ಸಲ ಕಾಲುಭಾಗ ಮಾತ್ರ ತುಂಬಿದಂಗೆ.

ಪಾಲು ಕೇಳೋದಾದ್ರೆ ಒಟ್ಟು ಆದಾಯದ ಮೇಲೆ ಕೇಳ್ರಿ, ಲಾಭದ ಮೇಲೆ ಬೇಡ. ಲಾಭ ಅನ್ನೋದು ಅವರ ಆಡಿಟರ್ ಕೈಲಿರುತ್ತೆ. ಒಟ್ಟು ಆದಾಯದಲ್ಲಿ ಏನೇನು ಬರುತ್ತೆ ಅಂತ ಹೆಸರು ಹೇಳಿ: ಪಾರ್ಕಿಂಗ್ ಶುಲ್ಕ, ಮಾಸಿಕ ಪಾಸ್, ಮಳಿಗೆ ಬಾಡಿಗೆ, ಡಿಪಾಸಿಟ್ ಮೇಲಿನ ಬಡ್ಡಿ, ಗೋಡೆ ಮೇಲಿನ ಜಾಹೀರಾತು, ಟೆರೇಸ್ ಮೇಲಿನ ಮೊಬೈಲ್ ಟವರ್. ಟವರ್ ಮತ್ತೆ ಜಾಹೀರಾತು ಬಿಟ್ಟು ಹೋಗೋದು ಮಾಮೂಲಿ. ಇದ್ರ ಜೊತೆ ಕನಿಷ್ಠ ಖಾತ್ರಿ ಮೊತ್ತ ಒಂದು ಇಡಿ, ಎರಡರಲ್ಲಿ ಯಾವುದು ಹೆಚ್ಚೋ ಅದು. ಬೂಮ್ ಬ್ಯಾರಿಯರ್ ಸಾಫ್ಟ್‌ವೇರ್‌ಗೆ ಪಾಲಿಕೆಗೊಂದು ನೋಡೋಕೆ ಮಾತ್ರ ಆಗೋ ಲಾಗಿನ್ ಕೊಡ್ಬೇಕು ಅಂತ ಬರೆದ್ರೆ ತಿಂಗಳ ಲೆಕ್ಕದ ಅರ್ಧ ಜಗಳ ಹುಟ್ಟೋದೇ ಇಲ್ಲ.

ದುಡ್ಡೆಲ್ಲಾ ಎಸ್ಕ್ರೋ ಖಾತೆಗೇ (ಒಪ್ಪಿದ ಕ್ರಮದಲ್ಲಿ ಮಾತ್ರ ದುಡ್ಡು ಬಿಡೋ ಬ್ಯಾಂಕ್ ಖಾತೆ) ಬೀಳ್ಬೇಕು, ಅಲ್ಲಿಂದ ಯಾವ ಕ್ರಮದಲ್ಲಿ ಹೊರಗೆ ಹೋಗುತ್ತೆ ಅಂತ ಬರೀರಿ: ತೆರಿಗೆ, ನಿರ್ವಹಣೆ ಖರ್ಚು, ಪಾಲಿಕೆ ಪಾಲು, ಬ್ಯಾಂಕ್ ಕಂತು, ಕೊನೆಗೆ ಕಂಪನಿ ಲಾಭ. ಬ್ಯಾಂಕಿನೋರು ಪಾಲಿಕೆ ಪಾಲನ್ನ ತಮ್ಮ ಕಂತಿನ ಕೆಳಗೆ ತಳ್ಳೋಕೆ ನೋಡ್ತಾರೆ, ಅದು ಬಿಡ್‌ಗೆ ಮುಂಚೆನೇ ಇತ್ಯರ್ಥ ಆಗ್ಲಿ. ದರ ಏರಿಕೆ ಸಗಟು ಬೆಲೆ ಸೂಚ್ಯಂಕಕ್ಕೆ ಕಟ್ಟಿದ್ರೆ ಬೇಸ್ ವರ್ಷ ಬದಲಾದಾಗ ಏನು ಮಾಡೋದು ಅಂತಲೂ ಒಂದು ಸಾಲು, ಜಿಎಸ್‌ಟಿ ದರದ ಒಳಗೋ ಹೊರಗೋ ಅಂತ ಇನ್ನೊಂದು ಸಾಲು.

ನಿಮ್ಮ ಕೈಲಿ ಆಗದ್ದಕ್ಕೆ ಮಾತು ಕೊಡ್ಬೇಡಿ

ಪಾರ್ಕಿಂಗ್ ಕಟ್ಟೋ ಕಂಪನಿ ಮೊದ್ಲು ಕೇಳೋದು, ಸುತ್ತಮುತ್ತ ರಸ್ತೇಲಿ ಫ್ರೀ ಪಾರ್ಕಿಂಗ್ ಬಂದ್ ಮಾಡ್ಬೇಕು ಅಂತ. ನ್ಯಾಯವೇ, ಗಡಿಯಾರ ಕಂಬದ ಹತ್ರ ರಸ್ತೆ ಪಕ್ಕ ಬಿಟ್ಟಿ ನಿಲ್ಸೋಕಾದ್ರೆ ಮೇಲೆ ಹತ್ತಿಸಿ ದುಡ್ಡು ಕೊಡೋರು ಯಾರು. ಆದ್ರೆ ರಸ್ತೇಲಿ ಗಾಡಿ ಎತ್ತೋದು ಟ್ರಾಫಿಕ್ ಪೊಲೀಸ್ ಕೆಲಸ, ಅವರು ಈ ಒಪ್ಪಂದದಲ್ಲಿ ಪಾರ್ಟಿನೇ ಅಲ್ಲ. ಪಾಲಿಕೆ "ಖಾತ್ರಿ ಮಾಡುತ್ತೆ" ಅಂತ ಬರೆದ್ರೆ ಪೊಲೀಸರು ಸುಮ್ನಿದ್ದ ಪ್ರತಿ ತಿಂಗಳೂ ಅದು ಪಾಲಿಕೆ ತಪ್ಪಾಗುತ್ತೆ. ನೋ ಪಾರ್ಕಿಂಗ್ ಅಧಿಸೂಚನೆಗೆ ಪ್ರಸ್ತಾವ ಕಳಿಸೋದು, ಬೋರ್ಡ್ ಹಾಕೋದು, ತಾನೇ ಹೊಸ ಪಾರ್ಕಿಂಗ್ ಜಾಗ ಮಾಡದೇ ಇರೋದು, ಇಷ್ಟಕ್ಕೆ ನಿಲ್ಸಿ.

ಪೈಪೋಟಿ ಬರ್ಬಾರ್ದು ಅನ್ನೋ ಕಲಮಿಗೂ ಅಳತೆ ಮತ್ತೆ ಅವಧಿ ಎರಡೂ ಬೇಕು. ಬೆಂಗಳೂರು ಏರ್‌ಪೋರ್ಟ್‌ನ 2004ರ ಒಪ್ಪಂದದಲ್ಲಿ 150 ಕಿಲೋಮೀಟರ್ ಒಳಗೆ, ಮೈಸೂರು ಹಾಸನ ಬಿಟ್ಟು, ತೆರೆದ ದಿನದಿಂದ 25 ವರ್ಷ ಬೇರೆ ವಿಮಾನ ನಿಲ್ದಾಣ ಇಲ್ಲ ಅಂತಿದೆ, ಅಂದ್ರೆ 2033ರ ತನಕ. ಆಗ ಸಹಿ ಹಾಕಿದ್ದು ಇವತ್ತು ಬೆಂಗಳೂರಿನ ಎರಡನೇ ನಿಲ್ದಾಣದ ಚರ್ಚೆನ ಕಟ್ಟಿಹಾಕಿದೆ. ಅಂದಹಾಗೆ ದೇವನಹಳ್ಳಿಯಿಂದ ನೇರ ಗೆರೆ ಎಳೆದ್ರೆ ಚಿತ್ರದುರ್ಗನೂ ದಾವಣಗೆರೆನೂ ಆ ವೃತ್ತದ ಹೊರಗೇ ಬೀಳ್ತವೆ, ನಮ್ಮೂರಿಗೆ ವಿಮಾನ ಬರದೇ ಇರೋದಕ್ಕೆ ಆ ಕಲಮನ್ನ ಬೈಯೋ ಹಂಗಿಲ್ಲ.

ಅಳೆಯೋದು

ಕಟ್ಟಡ ಹೇಗೆ ಕಟ್ಬೇಕು ಅಂತ ಇಟ್ಟಿಗೆ ಲೆಕ್ಕ ಬರೆಯೋದಕ್ಕಿಂತ ಸೇವೆ ಹೇಗಿರ್ಬೇಕು ಅಂತ ಬರೀರಿ. ಲಿಫ್ಟ್ ಕೆಟ್ರೆ ಎಷ್ಟು ಗಂಟೇಲಿ ಸರಿಯಾಗ್ಬೇಕು, ಶೌಚಾಲಯ ದಿನಕ್ಕೆ ಎಷ್ಟು ಸಲ ತೊಳೀಬೇಕು, ಮಾರ್ಕೆಟ್ ಕಸ ಬೆಳಗ್ಗೆ ಎಷ್ಟಕ್ಕೆ ಎತ್ತಬೇಕು, ತಪ್ಪಿದ್ರೆ ಆ ತಿಂಗಳು ಎಷ್ಟು ಕಡಿತ. ಎಂಟ್ಹತ್ತು ಅಳತೆ ಸಾಕು, ಐವತ್ತು ಹಾಕಿದ್ರೆ ಯಾರೂ ನೋಡಲ್ಲ. ಅಳೆಯೋಕೆ ಸ್ವತಂತ್ರ ಇಂಜಿನಿಯರ್ ಬೇಕು, ಫೀಸ್ ಎರಡೂ ಕಡೆಯಿಂದ ಅರ್ಧರ್ಧ, ಮೂರು ವರ್ಷಕ್ಕೊಮ್ಮೆ ಬದಲಾಗ್ಲಿ. ಜನ ಮೊಬೈಲಲ್ಲಿ ಹಾಕೋ ದೂರು ಕೂಡ ದಾಖಲೆ ಅಂತ ಒಪ್ಪಿದ್ರೆ ಇನ್ನೂ ಚೆನ್ನ.

ಬ್ಯಾಂಕ್, ವಿಕೋಪ, ಕಾನೂನು ಬದಲಾವಣೆ

ಇವು ಮಾದರಿ ಒಪ್ಪಂದಗಳಲ್ಲಿ ಚೆನ್ನಾಗೇ ಸಿಗ್ತವೆ. ಕಂಪನಿ ಕೈ ಎತ್ತಿದ್ರೆ ಬ್ಯಾಂಕ್ ಬೇರೆ ನಡೆಸೋರನ್ನ ತರೋಕೆ ಮೂರೂ ಜನರ ನಡುವಿನ ಬದಲಿ ಒಪ್ಪಂದ, ಪ್ರಕೃತಿ, ಪರೋಕ್ಷ ರಾಜಕೀಯ, ನೇರ ರಾಜಕೀಯ ಅಂತ ಮೂರು ಥರದ ಫೋರ್ಸ್ ಮೆಜೂರ್ (ಕೈಮೀರಿದ ಘಟನೆ). ಕೋವಿಡ್ ಆದ್ಮೇಲೆ ಸಾಂಕ್ರಾಮಿಕ ರೋಗ, ಲಾಕ್‌ಡೌನ್ ಅಂತ ಹೆಸರು ಹೇಳಿನೇ ಬರೀರಿ, ಮುಚ್ಚಿದಷ್ಟು ದಿನ ಅವಧಿ ಮುಂದಕ್ಕೆ ಹೋಗುತ್ತಾ, ಕನಿಷ್ಠ ಖಾತ್ರಿ ಮೊತ್ತ ನಿಲ್ಲುತ್ತಾ ಅಂತ.

ಜಗಳ ಬಂದ್ರೆ

ಹಳೇ ಒಪ್ಪಂದಗಳಲ್ಲಿ "ಆಯುಕ್ತರು ನೇಮಿಸೋ ಆರ್ಬಿಟ್ರೇಟರ್" ಅಂತ ಒಂದು ಸಾಲು ಇರ್ತಿತ್ತು. ಅದನ್ನ ಕಾಪಿ ಮಾಡ್ಬೇಡಿ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಂವಿಧಾನ ಪೀಠ, ಸರ್ಕಾರಿ-ಖಾಸಗಿ ಕರಾರಲ್ಲಿ ಒಂದೇ ಕಡೆಯೋರು ಒಬ್ಬರೇ ಆರ್ಬಿಟ್ರೇಟರ್ ನೇಮಿಸೋದು ಸಮಾನತೆಯ 14ನೇ ವಿಧಿಗೆ ವಿರುದ್ಧ ಅಂತ ಹೇಳಿದೆ. ಎರಡೂ ಕಡೆ ಒಬ್ಬೊಬ್ಬರು, ಅವರಿಬ್ಬರು ಸೇರಿ ಮೂರನೇಯವರು, ಅಥವಾ ಒಂದು ಸಂಸ್ಥೆ ಮೂಲಕ. ಚಿಕ್ಕ ಮೊತ್ತಕ್ಕೆ ಮೂವರು ಬೇಡ, ಫೀಸಲ್ಲೇ ಮುಳುಗ್ತೀರಿ. ಕೇಂದ್ರ ಹಣಕಾಸು ಸಚಿವಾಲಯ 2024ರ ಜೂನ್‌ನಲ್ಲಿ ತನ್ನ ಖರೀದಿ ಕರಾರುಗಳಿಗೆ ಆರ್ಬಿಟ್ರೇಷನ್ ಸಾಮಾನ್ಯವಾಗಿ 10 ಕೋಟಿಗಿಂತ ಕಮ್ಮಿ ವಿವಾದಕ್ಕೆ ಮಾತ್ರ ಅಂತ ಮಾರ್ಗಸೂಚಿ ಹೊರಡಿಸಿದೆ, ದೊಡ್ಡ ಮೊತ್ತಕ್ಕೆ ಸಂಧಾನ, ಇಲ್ಲಾಂದ್ರೆ ಕೋರ್ಟ್. ಅದು ಪಾಲಿಕೆಗೆ ನೇರ ಅನ್ವಯಿಸಲ್ಲ, ಆದ್ರೂ ಗಾಳಿ ಯಾವ ಕಡೆ ಬೀಸ್ತಿದೆ ಅಂತ ತಿಳ್ಕೊಳ್ಳಿ. ಜಗಳ ನಡೀತಿದ್ರೂ ಮಾರ್ಕೆಟ್ ಬಾಗಿಲು ಮುಚ್ಚೋ ಹಂಗಿಲ್ಲ ಅನ್ನೋ ಸಾಲು ಕಡ್ಡಾಯ. 2018ರ ತಿದ್ದುಪಡಿ ಆದ್ಮೇಲೆ ಮೂಲಸೌಕರ್ಯ ಯೋಜನೆ ತಡ ಆಗೋ ಥರ ತಡೆಯಾಜ್ಞೆ ಕೊಡ್ಬಾರ್ದು ಅಂತ ನಿರ್ದಿಷ್ಟ ಪರಿಹಾರ ಕಾಯ್ದೇಲೂ ಇದೆ.

ಸಹಿ ದಿನ ಮತ್ತೆ ಆಮೇಲೆ

ಟೆಂಡರ್, ಬಿಡ್, ಒಪ್ಪಂದ, ಅನುಬಂಧ ಇವುಗಳ ನಡುವೆ ಹೊಂದಾಣಿಕೆ ಆಗದಿದ್ರೆ ಯಾವುದು ಮೇಲು ಅನ್ನೋ ಕ್ರಮ ಬರೀರಿ. ಕನ್ನಡ, ಇಂಗ್ಲಿಷ್ ಎರಡೂ ಪ್ರತಿ ಇದ್ರೆ ಯಾವುದು ಅಂತಿಮ ಅಂತಲೂ. ಅನುಬಂಧದ ಪ್ರತಿ ಪುಟಕ್ಕೂ, ನಕ್ಷೆಗಳಿಗೂ ಸಹಿ. "ಅನುಬಂಧ 6: ನಂತರ ಸೇರಿಸಲಾಗುವುದು" ಅಂತ ಖಾಲಿ ಬಿಟ್ಟು ಸಹಿ ಹಾಕೋದು ಮಾತ್ರ ಬೇಡ. ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ಅಂಶ ಇದ್ರೆ 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಆಗ್ಲೇಬೇಕು, ಸ್ಟಾಂಪ್ ಡ್ಯೂಟಿ ಯಾರು ಕಟ್ಬೇಕು ಅಂತ ಮೊದ್ಲೇ ಟೆಂಡರಲ್ಲಿ ಇರ್ಲಿ. ಸ್ಟಾಂಪ್ ಕಮ್ಮಿ ಬಿದ್ದ ಕಾಗದವನ್ನ ಕೋರ್ಟ್ ಸಾಕ್ಷಿಗೆ ತಗೊಳ್ಳಲ್ಲ, ಬಾಕಿ ಡ್ಯೂಟಿಗೆ ಹತ್ತು ಪಟ್ಟು ತನಕ ದಂಡ ಕಟ್ಟಿದ್ಮೇಲೇ ಮುಂದಿನ ಮಾತು.

ಆಮೇಲೆ ಒಂದು ರಿಜಿಸ್ಟರ್ ಮಾಡಿ: ಬ್ಯಾಂಕ್ ಗ್ಯಾರಂಟಿ ನವೀಕರಣ, ಇನ್ಶೂರೆನ್ಸ್, ದರ ಪರಿಷ್ಕರಣೆ, ತಪಾಸಣೆ, ನೋಟಿಸ್ ಗಡುವು, ಎಲ್ಲದರ ತಾರೀಖು ಒಂದೇ ಕಡೆ. 30 ವರ್ಷದಲ್ಲಿ ಆಯುಕ್ತರು ಹದಿನೈದು ಇಪ್ಪತ್ತು ಜನ ಬದಲಾಗ್ತಾರೆ, ಕೇಸ್ ವರ್ಕರ್ ನಿವೃತ್ತಿ ಆಗ್ತಾರೆ. ಅದಕ್ಕೆ ರಿಜಿಸ್ಟರ್ ನೋಡೋ ಕೆಲಸ ವ್ಯಕ್ತಿ ಹೆಸರಲ್ಲಿ ಬೇಡ, ಹುದ್ದೆ ಹೆಸರಲ್ಲಿ ಹಾಕ್ರಿ, ಆ ಹುದ್ದೆ ಯಾವುದು ಅಂತ ಒಪ್ಪಂದದಲ್ಲೇ ಬರೀರಿ, ಗ್ಯಾರಂಟಿ ಮುಗಿಯೋಕೆ 60 ದಿನ ಮುಂಚೆ ಕಂಪನಿಗೆ ಪತ್ರ ಹೋಗ್ಬೇಕು ಅಂತಲೂ ಸೇರಿಸಿ.